ಗ್ಯಾಲರಿಯೊಳಗೆ ಕಟ್ಟಡ: ರಾಯಲ್ ಅಕಾಡೆಮಿಯ ಮುಂದಿನ ಪ್ರದರ್ಶನಗಳ ಪಟ್ಟಿ ನೋಡುವವರಿಗೆ

ಲಂಡನ್ನಿನ ಪಿಕಡಿಲಿಯಲ್ಲಿರುವ ರಾಯಲ್ ಅಕಾಡೆಮಿ ಆಫ್ ಆರ್ಟ್ಸ್ ಮುಂದಿನ ವರ್ಷದ ಪ್ರದರ್ಶನಗಳ ಪಟ್ಟಿ ಹೊರಬಿಟ್ಟ ಕೂಡಲೇ ಎಲ್ಲರ ಕಣ್ಣು ಹೋಗುವುದು ಹೆಸರುಗಳ ಮೇಲೆ. ಯಾವ ಚಿತ್ರಕಾರ, ಯಾವ ಶಿಲ್ಪಿ, ಯಾವ ಆರ್ಕಿಟೆಕ್ಟ್ ಎಂದು. ಕಟ್ಟಡಗಳಲ್ಲಿ ಆಸಕ್ತಿ ಇರುವವರು ಮೊದಲು ನೋಡಬೇಕಾದ್ದು ಪ್ರದರ್ಶನ ಯಾವ ಕೋಣೆಗಳಲ್ಲಿದೆ ಅನ್ನುವುದನ್ನು. ಆಮೇಲೆ ತಾರೀಖುಗಳನ್ನು. ಇವೆರಡು ಗೊತ್ತಾದರೆ ಒಳಗೆ ಏನು ಸಿಗುತ್ತದೆ ಎಂದು ಮುಕ್ಕಾಲು ಪಾಲು ಊಹಿಸಬಹುದು.

ಚಿತ್ರಪ್ರದರ್ಶನಕ್ಕೆ ಚಿತ್ರ ಬರುತ್ತದೆ, ಶಿಲ್ಪಪ್ರದರ್ಶನಕ್ಕೆ ಶಿಲ್ಪ ಬರುತ್ತದೆ. ಕಟ್ಟಡಗಳ ಪ್ರದರ್ಶನಕ್ಕೆ ಕಟ್ಟಡ ಮಾತ್ರ ಬರುವುದಿಲ್ಲ. ಬರುವುದು ಅದರ ಕಾಗದ, ಮಾಡೆಲ್, ಫೋಟೊ, ವಿಡಿಯೊ. ಅಪರೂಪಕ್ಕೆ ನಿಜ ಅಳತೆಯ ಒಂದು ತುಂಡು. ಹೀಗಾಗಿ ಕಟ್ಟಡಕ್ಕೆ ಬದಲಿಯಾಗಲು ಹೊರಟ ಪ್ರದರ್ಶನ ಯಾವಾಗಲೂ ಸೋಲುತ್ತದೆ. ಗೋಡೆ ತುಂಬ ಮಿರಮಿರ ಮಿಂಚುವ ಫೋಟೊ ನೇತುಹಾಕಿದ್ದಾರೆ ಎಂದರೆ ಅದನ್ನು ಮನೆಯಲ್ಲೇ ಕೂತು ಪುಸ್ತಕದಲ್ಲಿ ನೋಡಬಹುದಿತ್ತು. ಕಟ್ಟಡದ ಎದುರು ನಿಂತರೂ ಕಾಣದ್ದನ್ನು ತೋರಿಸುವ ಪ್ರದರ್ಶನಕ್ಕೆ ಮಾತ್ರ ಟಿಕೆಟ್ ಕೊಳ್ಳಬಹುದು: ಕೈಬಿಟ್ಟ ಯೋಚನೆಗಳು, ತಿದ್ದಿದ ಗೆರೆಗಳು, ಸೀಳಿ ತೋರಿಸಿದ ಒಳಗು.

ರಾಯಲ್ ಅಕಾಡೆಮಿಯನ್ನೇ ಉದಾಹರಣೆಗೆ ಹಿಡಿಯಲು ಕಾರಣವಿದೆ. 1768ರಲ್ಲಿ ಶುರುವಾದಾಗಿನಿಂದ ಚಿತ್ರ, ಶಿಲ್ಪ, ವಾಸ್ತುಶಿಲ್ಪ ಅಲ್ಲಿ ಒಂದೇ ಸೂರಿನಡಿ ಇವೆ. ಸದಸ್ಯರಲ್ಲಿ ಕನಿಷ್ಠ 14 ಶಿಲ್ಪಿಗಳು, 12 ಆರ್ಕಿಟೆಕ್ಟರು, 8 ಮುದ್ರಣ ಕಲಾವಿದರು ಇರಲೇಬೇಕು ಎಂಬ ನಿಯಮವಿದೆ, ಉಳಿದವರು ಚಿತ್ರಕಾರರು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಅಂದರೆ ಸಮುದ್ರ, ಮಂಜು, ಬಿರುಗಾಳಿ ಎಂದುಕೊಂಡವರಿಗೆ ಆಶ್ಚರ್ಯವಾದೀತು. 1790ರಲ್ಲಿ, ಹದಿನೈದನೇ ವಯಸ್ಸಿಗೆ, ಅಲ್ಲಿ ಆತ ಮೊದಲ ಸಲ ಪ್ರದರ್ಶಿಸಿದ್ದು ಲ್ಯಾಂಬೆತ್‌ನ ಆರ್ಚ್‌ಬಿಷಪ್ ಅರಮನೆಯ ಜಲವರ್ಣ. ಅಂದರೆ ಒಂದು ಕಟ್ಟಡದ ಚಿತ್ರ. ಮುಂದೆ 1807ರಿಂದ 1837ರವರೆಗೆ ಅದೇ ಸಂಸ್ಥೆಯಲ್ಲಿ ಪರ್ಸ್‌ಪೆಕ್ಟಿವ್, ಅಂದರೆ ದೂರ ಹತ್ತಿರ ತೋರುವಂತೆ ಬರೆಯುವ ವಿದ್ಯೆಯ ಪ್ರೊಫೆಸರ್ ಆಗಿದ್ದ. ನಮ್ಮ ಕಡೆಗೂ ಒಂದು ಎಳೆ ಇದೆ. 1792ರಲ್ಲಿ ಬೆಂಗಳೂರು, ಶ್ರೀರಂಗಪಟ್ಟಣದ ಹಾದಿಯಲ್ಲಿ ಕೋಟೆ, ದೇವಸ್ಥಾನಗಳನ್ನು ಬರೆದುಕೊಂಡು ಹೋದ ಇಂಗ್ಲಿಷ್ ಚಿತ್ರಕಾರ ಥಾಮಸ್ ಡೇನಿಯಲ್ ಊರಿಗೆ ಮರಳಿದ ಮೇಲೆ 1799ರಲ್ಲಿ ಅಕಾಡೆಮಿಯ ಪೂರ್ಣ ಸದಸ್ಯನಾದ. ಜೊತೆಗಿದ್ದ ಸೋದರನ ಮಗ ವಿಲಿಯಂ 1822ರಲ್ಲಿ.

ಈಗ ಕೋಣೆಗಳ ವಿಷಯ. ಪಿಕಡಿಲಿ ಕಡೆಯಿಂದ ಬರ್ಲಿಂಗ್ಟನ್ ಹೌಸ್ ಹೊಕ್ಕು ಮೇಲೆ ಹತ್ತಿದರೆ ಸಿಗುವುದು ಮೇನ್ ಗ್ಯಾಲರೀಸ್. 1860ರ ದಶಕದ ಕೊನೆಗೆ ಸಿಡ್ನಿ ಸ್ಮರ್ಕ್ ಕಟ್ಟಿದ್ದು: ಎತ್ತರದ ಸೂರು, ಮೇಲಿನಿಂದ ಬೀಳುವ ಬೆಳಕು, ಒಂದರಿಂದ ಒಂದಕ್ಕೆ ತೆರೆಯುವ ದೊಡ್ಡ ಬಾಗಿಲುಗಳು. ಹಿಂಬದಿಯ ಬರ್ಲಿಂಗ್ಟನ್ ಗಾರ್ಡನ್ಸ್ ಕಟ್ಟಡದಲ್ಲಿ ಗೇಬ್ರಿಯೆಲ್ ಯುಂಗೆಲ್ಸ್-ವಿಂಕ್ಲರ್ ಗ್ಯಾಲರೀಸ್ ಇವೆ. 2018ರಲ್ಲಿ ಆರ್ಕಿಟೆಕ್ಟ್ ಡೇವಿಡ್ ಚಿಪ್ಪರ್‌ಫೀಲ್ಡ್ ಎರಡೂ ಕಟ್ಟಡಗಳನ್ನು ಸೇತುವೆಯಿಂದ ಜೋಡಿಸಿದ ಮೇಲೆ ತೆರೆದವು. ಮೂರೇ ಕೋಣೆ, ಹದವಾದ ಅಳತೆ. ಪಟ್ಟಿಯಲ್ಲಿ ಆರ್ಕಿಟೆಕ್ಟ್ ಹೆಸರಿನ ಮುಂದೆ ಮೇನ್ ಗ್ಯಾಲರೀಸ್ ಎಂದಿದ್ದರೆ ನಿಜ ಅಳತೆಯ ಏನೋ ಕಟ್ಟುತ್ತಾರೆ ಎಂದು ನಿರೀಕ್ಷಿಸಬಹುದು. ಎರಡನೆಯದರ ಹೆಸರಿದ್ದರೆ ಮಾಡೆಲ್, ಕಾಗದ, ಮೇಜು, ಕಪಾಟು. ಕಳೆದ ಹತ್ತು ಹನ್ನೆರಡು ವರ್ಷಗಳ ಮೂರು ಮುಖ್ಯ ಆರ್ಕಿಟೆಕ್ಚರ್ ಪ್ರದರ್ಶನಗಳು ನಡೆದದ್ದು ಹೀಗೆಯೇ.

2014ರ ಜನವರಿ 25ರಿಂದ ಏಪ್ರಿಲ್ 6ರವರೆಗೆ ಮೇನ್ ಗ್ಯಾಲರೀಸ್‌ನಲ್ಲಿದ್ದ ‘ಸೆನ್ಸಿಂಗ್ ಸ್ಪೇಸಸ್’ನಲ್ಲಿ ಮಾಡೆಲ್, ನಕ್ಷೆಗಳಿಗೆ ಜಾಗವೇ ಇರಲಿಲ್ಲ. ಏಳು ಆರ್ಕಿಟೆಕ್ಟ್ ತಂಡಗಳಿಗೆ ಕೋಣೆಗಳನ್ನು ಬಿಟ್ಟುಕೊಟ್ಟು ಒಳಗೇ ಕಟ್ಟಿ ಎಂದರು. ಚಿಲಿಯ ಪೆಸೊ ವಾನ್ ಎಲ್ರಿಕ್ಸ್‌ಹಾವ್ಸೆನ್ ಜೋಡಿ ನಾಲ್ಕು ದಪ್ಪ ಮರದ ಕಂಬಗಳ ಮೇಲೆ ಒಂದು ಅಟ್ಟ ನಿಲ್ಲಿಸಿದರು. ಕಂಬದೊಳಗೆ ಸುರುಳಿ ಮೆಟ್ಟಿಲು. ಕೆಳಗಿನಿಂದ ನೋಡಿದರೆ ಬರೀ ಮರದ ಗೋಡೆ. ಹತ್ತಿ ಹೋದರೆ, ನೂರೈವತ್ತು ವರ್ಷಗಳಿಂದ ಜನ ಕತ್ತೆತ್ತಿ ನೋಡುತ್ತಿದ್ದ ಸೂರಂಚಿನ ಚಿನ್ನದ ದೇವತೆಗಳು ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತಿದ್ದರು. ಬುರ್ಕಿನಾ ಫಾಸೊ ಮೂಲದ ಫ್ರಾನ್ಸಿಸ್ ಕೆರೆ ಎರಡು ಕೋಣೆಗಳ ನಡುವೆ ಬಿಳಿ ಪ್ಲಾಸ್ಟಿಕ್ ಜಾಲದ ಸುರಂಗ ಕಟ್ಟಿ, ಬಂದವರ ಕೈಗೆ ಬಣ್ಣದ ಸ್ಟ್ರಾ ಕೊಟ್ಟರು. ಜನ ಚುಚ್ಚುತ್ತಾ ಹೋದ ಹಾಗೆ ಆಕಾರ ಬದಲಾಗುತ್ತಾ ಹೋಯಿತು. ಕೆಂಗೊ ಕುಮಾ ಕತ್ತಲ ಕೋಣೆಯಲ್ಲಿ ತೆಳ್ಳನೆ ಬಿದಿರ ಕಡ್ಡಿಗಳನ್ನು ನೆಯ್ದು, ಜಪಾನಿನ ಹಿನೋಕಿ ಮರದ ವಾಸನೆ ಹರಡಿದರು. ಲಿ ಶಿಯಾವೊಡಾಂಗ್ ಕಡ್ಡಿಗಳ ಚಕ್ರವ್ಯೂಹ ಕಟ್ಟಿ, ನೆಲದೊಳಗಿನಿಂದ ಬೆಳಕು ಹಾಯಿಸಿದರು. ಪೋರ್ಚುಗಲ್ಲಿನ ಸೌಟೊ ಡಿ ಮೌರಾ ಮಾಡಿದ್ದು ನೋಡಲು ತೀರಾ ಕಡಿಮೆ ಅನಿಸುವ ಕೆಲಸ: ಗ್ಯಾಲರಿಯದೇ ಬಾಗಿಲ ಚೌಕಟ್ಟನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಮೂಲ ಬಾಗಿಲ ಪಕ್ಕದಲ್ಲೇ ಓರೆಯಾಗಿ ನಿಲ್ಲಿಸಿದ್ದು. ಏಳರಲ್ಲಿ ಗ್ಯಾಲರಿಯ ಕಟ್ಟಡವನ್ನೇ ಮತ್ತೆ ನೋಡುವ ಹಾಗೆ ಮಾಡಿದ್ದು ಪೆಸೊ ಮತ್ತು ಮೌರಾ. ಸ್ಟ್ರಾ ಸುರಂಗಕ್ಕೆ ಮಕ್ಕಳ ದಂಡು ಜಾಸ್ತಿ ಇತ್ತು, ನಿಜ. ಆದರೆ ಅದನ್ನು ಯಾವ ಸಭಾಂಗಣದಲ್ಲಿ ಇಟ್ಟರೂ ನಡೆಯುತ್ತಿತ್ತು.

ಇಂಥ ನಿಜ ಅಳತೆಯ ಕೆಲಸದಲ್ಲಿ ಎಡವುವ ಜಾಗಗಳು ಕೆಲವೇ, ಆದರೆ ಪ್ರತಿ ಸಲವೂ ಅವೇ. ಮೊದಲನೆಯದು ನೆಲ. ಜನ ಸೇರುವ ಗ್ಯಾಲರಿ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 400ರಿಂದ 500 ಕಿಲೊ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಒಟ್ಟು ತೂಕ ಅದರೊಳಗಿದ್ದರೂ ನಾಲ್ಕು ಕಂಬಗಳ ಬುಡದಲ್ಲಿ ಅದು ಒಂದೆಡೆ ಕುಕ್ಕುತ್ತದೆ. ಹಾಗಾಗಿ ಬುಡಕ್ಕೆ ಉಕ್ಕಿನ ಹಲಗೆ ಹಾಸಿ, ಭಾರವನ್ನು ಕೆಳಗಿನ ತೊಲೆಗಳ ಮೇಲೆ ಬೀಳುವಂತೆ ಹರಡಬೇಕು. ಅದಕ್ಕೆ ತೊಲೆಗಳು ಎಲ್ಲಿವೆ ಎಂದು ಮೊದಲು ತಿಳಿದಿರಬೇಕು, ಹಳೇ ಕಟ್ಟಡದಲ್ಲಿ ಅದೇ ದೊಡ್ಡ ಕೆಲಸ. ಎರಡನೆಯದು ಗೋಡೆ. ಸಂರಕ್ಷಿತ ಕಟ್ಟಡದಲ್ಲಿ ಅನುಮತಿ ಇಲ್ಲದೆ ಒಂದು ಮೊಳೆ ಹೊಡೆಯುವಂತಿಲ್ಲ, ಆದ್ದರಿಂದ ಎಲ್ಲವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಮೂರನೆಯದು ಬೆಂಕಿ. ಕಡ್ಡಿ, ಬಿದಿರು, ಪ್ಲಾಸ್ಟಿಕ್ ಎಲ್ಲಕ್ಕೂ ಬೆಂಕಿನಿರೋಧಕ ಸಂಸ್ಕಾರ ಬೇಕು, ಚಕ್ರವ್ಯೂಹವೇ ಕಟ್ಟಿದರೂ ಹೊರಗೋಡುವ ದಾರಿ ಅಗಲವಾಗಿ, ನೇರವಾಗಿ ಉಳಿದಿರಬೇಕು. ಈ ಕೋಣೆಗಳು ಇದಕ್ಕಿಂತ ಒರಟು ಪೆಟ್ಟನ್ನೂ ತಿಂದಿವೆ ಅನ್ನಿ. 2009ರಲ್ಲಿ ಮುಂಬೈ ಮೂಲದ ಅನೀಶ್ ಕಪೂರ್ ‘ಸ್ವಯಂಭು’ ಎಂಬ ಹತ್ತಾರು ಟನ್ ತೂಕದ ಕೆಂಪು ಮೇಣದ ಗಟ್ಟಿಯನ್ನು ಹಳಿ ಮೇಲೆ ಬಾಗಿಲಿಂದ ಬಾಗಿಲಿಗೆ ತೆವಳಿಸಿದ್ದರು, ಚೌಕಟ್ಟುಗಳಿಗೆ ಮೇಣ ಸವರಿಕೊಂಡು ಹೋಗುವ ಹಾಗೆ. 2019ರಲ್ಲಿ ಆಂಟನಿ ಗಾರ್ಮ್ಲಿ ಸುಮಾರು 6 ಟನ್ ಉಕ್ಕಿನ ಜಾಲವನ್ನು ತಲೆ ಮೇಲೆ ತೂಗುಹಾಕಿ, ಇನ್ನೊಂದು ಕೋಣೆಗೆ ಸಮುದ್ರದ ನೀರು ಮತ್ತು ಮಣ್ಣು ತುಂಬಿದರು.

2018ರ ಸೆಪ್ಟೆಂಬರಿನಲ್ಲಿ ಶುರುವಾದ ಇಟಲಿಯ ಆರ್ಕಿಟೆಕ್ಟ್ ರೆಂಜೊ ಪಿಯಾನೊ ಪ್ರದರ್ಶನ ಹಿಂಬದಿಯ ಹೊಸ ಗ್ಯಾಲರಿಗಳಲ್ಲಿ ನಡೆಯಿತು. ಎರಡು ಕೋಣೆಗಳಲ್ಲಿ 16 ಕಟ್ಟಡಗಳು, ಮೇಜಿಗೊಂದರಂತೆ. ಮಾಡೆಲ್, ಸ್ಕೆಚ್, ಜೋಡಣೆಯ ತುಣುಕುಗಳು. ನಡುವಿನ ಕೋಣೆಯಲ್ಲಿ ಒಂದು ಕಾಲ್ಪನಿಕ ದ್ವೀಪ. ಅದರ ಮೇಲೆ ಪಿಯಾನೊ ಮಾಡಿದ 102 ಕಟ್ಟಡಗಳು, ಎಲ್ಲವೂ 1:1000ರಲ್ಲಿ. ಸ್ಕೇಲಿನ ಲೆಕ್ಕ ಕೈಗೆ ಸಿಗುವುದು ಇಂಥ ಕಡೆ. ಲಂಡನ್ನಿನ ‘ಶಾರ್ಡ್’ ಸುಮಾರು 310 ಮೀಟರ್ ಎತ್ತರ, ಈ ಸ್ಕೇಲಿನಲ್ಲಿ 31 ಸೆಂಟಿಮೀಟರ್, ಶಾಲೆಯ ಅಡಿಪಟ್ಟಿಯಷ್ಟು. ಒಸಾಕಾ ಬಳಿಯ ಕನ್ಸಾಯ್ ವಿಮಾನ ನಿಲ್ದಾಣದ ಟರ್ಮಿನಲ್ 1.7 ಕಿಲೊಮೀಟರ್ ಉದ್ದ, ಇಲ್ಲಿ 1.7 ಮೀಟರ್. ಗೋಪುರ ದೊಡ್ಡದೋ ಟರ್ಮಿನಲ್ ದೊಡ್ಡದೋ ಎಂಬುದಕ್ಕೆ ಫೋಟೊಗಳು ಎಂದೂ ಉತ್ತರ ಹೇಳಿರಲಿಲ್ಲ. ಒಂದೇ ಸ್ಕೇಲಿನ ಮಾಡೆಲ್ ಪಕ್ಕಪಕ್ಕ ಬಂದಾಗ ಹೇಳಿತು.

ಇದು ಹೊಸ ಉಪಾಯ ಎಂದುಕೊಳ್ಳಬೇಡಿ. ಅದಕ್ಕೂ ಸರಿಯಾಗಿ ಇನ್ನೂರು ವರ್ಷ ಹಿಂದೆ, 1818ರಲ್ಲಿ, ಇದೇ ಅಕಾಡೆಮಿಯ ಪ್ರದರ್ಶನದಲ್ಲಿ ಜೋಸೆಫ್ ಗ್ಯಾಂಡಿಯ ಒಂದು ಜಲವರ್ಣ ತೂಗಿತ್ತು. ಅಲ್ಲಿನ ವಾಸ್ತುಶಿಲ್ಪ ಪ್ರೊಫೆಸರ್ ಆಗಿದ್ದ ಜಾನ್ ಸೋನ್ 1780ರಿಂದ 1815ರವರೆಗೆ ಕಟ್ಟಿದ್ದನ್ನೆಲ್ಲ ಗ್ಯಾಂಡಿ ಒಂದೇ ಕಾಲ್ಪನಿಕ ಕೋಣೆಯೊಳಗೆ ಮಾಡೆಲ್‌ಗಳ ಹಾಗೆ ಒಟ್ಟಿದ್ದ. ನೂರಕ್ಕೂ ಹೆಚ್ಚು ಕಟ್ಟಡಗಳು ಒಂದರ ಮೇಲೊಂದು ಪೇರಿಕೊಂಡಿವೆ, ಕೆಲವು ಚೌಕಟ್ಟಿನ ಚಿತ್ರಗಳಾಗಿ ಒರಗಿವೆ. ಇಡೀ ಕೋಣೆಗೆ ಒಂದೇ ದೀಪ. ಕೆಳಗೆ ಬಲ ಮೂಲೆಯಲ್ಲಿ ಮೇಜಿನ ಮುಂದೆ ಒಬ್ಬ ಪುಟ್ಟ ಮನುಷ್ಯ ಕೂತು ಬರೆಯುತ್ತಿದ್ದಾನೆ. ಅವನನ್ನು ನೋಡಿದ ಮೇಲೆಯೇ ಮಿಕ್ಕದ್ದು ಎಷ್ಟೆತ್ತರ ಪೇರಿದೆ ಎಂದು ತಿಳಿಯುವುದು. ಇದೇ ಗ್ಯಾಂಡಿ 1830ರಲ್ಲಿ ಸೋನ್ ಕಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡನ್ನು ಸೂರು ಕಿತ್ತು, ಗೋಡೆ ಸೀಳಿ, ಪಾಳುಬಿದ್ದಂತೆ ಮೇಲಿನಿಂದ ತೋರಿಸಿದ. ಪಾಳು ಎನ್ನುವುದು ನೆಪ. ಅದು ಹೇಳಿಮಾಡಿಸಿದ ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿ ಒಳಗು ತೋರಿಸುವ ನಕ್ಷೆ. ಒಳಗಿನ ಕಮಾನುಗಳು ಒಂದಕ್ಕೊಂದು ಹೇಗೆ ಆತುಕೊಂಡಿವೆ ಎಂದು ನಕ್ಷೆ ಓದಲು ಬಾರದವರಿಗೂ ಅರ್ಥವಾಗುವ ಹಾಗೆ ಬರೆದದ್ದು. ಪರದೆ ಮೇಲೆ ತಿರುಗುವ ಮೂರು ಆಯಾಮದ ಎಷ್ಟೋ ಚಿತ್ರಗಳು ಇಷ್ಟು ಹೇಳುವುದಿಲ್ಲ. ಎರಡೂ ಇರುವುದು ಸೋನ್ ವಾಸವಿದ್ದ ಲಿಂಕನ್ಸ್ ಇನ್ ಫೀಲ್ಡ್ಸ್‌ನ ಮನೆಯಲ್ಲಿ, ಈಗಿನ ಸೋನ್ ಮ್ಯೂಸಿಯಂನಲ್ಲಿ.

2023ರ ಜುಲೈ 14ರಿಂದ ಅಕ್ಟೋಬರ್ 15ರವರೆಗೆ ಅದೇ ಹಿಂಬದಿ ಗ್ಯಾಲರಿಗಳಲ್ಲಿ ಸ್ವಿಟ್ಜರ್ಲೆಂಡಿನ ಆರ್ಕಿಟೆಕ್ಟ್ ಜೋಡಿ ಹರ್ಟ್ಸೋಗ್ ಮತ್ತು ಡಿ ಮ್ಯೂರಾನ್ ಇದ್ದರು. ಬಾಸೆಲ್ ನಗರದ ತಮ್ಮ ಸಂಗ್ರಹಾಲಯದ ಎತ್ತರದ ಮರದ ಕಪಾಟುಗಳ ಮಾದರಿಯಲ್ಲೇ ಸಾಲು ಕಪಾಟು ನಿಲ್ಲಿಸಿ, ನಾನೂರರಷ್ಟು ವಸ್ತುಗಳನ್ನು ತುಂಬಿದ್ದರು. ರಟ್ಟು, ಫೋಮ್, ಮೇಣ, ಲೋಹದ ತಗಡು, ಒಂದೇ ಮೂಲೆಯ ಹಲವು ಪ್ರಯತ್ನಗಳು. ಇನ್ನೊಂದು ಕೋಣೆಯಲ್ಲಿ ಆಗಿನ್ನೂ ಕಟ್ಟುತ್ತಿದ್ದ ಜ್ಯೂರಿಕ್ ಮಕ್ಕಳ ಆಸ್ಪತ್ರೆ. ಮೂರರಲ್ಲಿ ಕಲಿಯುವವರಿಗೆ ಹೆಚ್ಚು ಕೊಟ್ಟದ್ದು ಇದು, ಕಪಾಟುಗಳ ದೆಸೆಯಿಂದ. ಫೋನು ಹಿಡಿದು ಮಾಡೆಲ್ ಮೇಲೆ ಡಿಜಿಟಲ್ ಚಿತ್ರ ಮೂಡಿಸುವ ಸವಲತ್ತೂ ಇತ್ತು. ಅದನ್ನು ಬಿಟ್ಟಿದ್ದರೆ ನಷ್ಟವೇನೂ ಇರಲಿಲ್ಲ, ಏಕೆಂದರೆ ಫೋನು ಕೈಗೆ ಬಂದ ಕೂಡಲೇ ಜನ ಮಾಡೆಲ್ ನೋಡುವುದನ್ನು ನಿಲ್ಲಿಸುತ್ತಾರೆ.

ಇನ್ನು ತಾರೀಖು. ಹರ್ಟ್ಸೋಗ್ ಪ್ರದರ್ಶನ ಮೂರು ತಿಂಗಳು. ಕಾಗದದ ಮೇಲಿನ ಕೆಲಸಗಳಿಗೆ ಮೂರು ತಿಂಗಳು ಎಂಬುದು ಬಹುತೇಕ ಕಡೆ ಪಾಲಿಸುವ ಮಿತಿ. ಅದಾದ ಮೇಲೆ ಕೆಲವು ವರ್ಷ ಕತ್ತಲಲ್ಲಿ ವಿಶ್ರಾಂತಿ. ಬೆಳಕಿನ ಪೆಟ್ಟು ಒಟ್ಟಾಗುತ್ತಾ ಹೋಗುವುದೇ ಹೊರತು ವಾಸಿಯಾಗುವುದಿಲ್ಲ. ಹಳೆಯ ಜಲವರ್ಣ, ಶಾಯಿ ಕೆಲಸಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ಲೆಕ್ಕ ಹಾಕಿ: ವಾರಕ್ಕೆ ಆರು ದಿನ, ದಿನಕ್ಕೆ 8 ಗಂಟೆ, ಶುಕ್ರವಾರ ಇನ್ನೂ 3 ಗಂಟೆ, ಹೀಗೆ 13 ವಾರ, ಒಟ್ಟು ಸುಮಾರು 33 ಸಾವಿರ ಲಕ್ಸ್-ಗಂಟೆ. ಕಿಟಕಿ ಪಕ್ಕದ ಕಾರಿಡಾರಿನಲ್ಲಿ 1500 ಲಕ್ಸ್ ಇದೆ ಎಂದುಕೊಂಡರೆ ಇಷ್ಟೇ ಪೆಟ್ಟು ಮೂರು ದಿನದೊಳಗೆ ಬಿದ್ದು ಮುಗಿದಿರುತ್ತದೆ. ನಮ್ಮಲ್ಲಿ ಹಳೇ ನಕ್ಷೆಗಳನ್ನು ಚೌಕಟ್ಟು ಹಾಕಿಸಿ ಆಫೀಸಿನ ಕಿಟಕಿಯೆದುರು ತೂಗುಹಾಕಿರುತ್ತಾರಲ್ಲ, ಅವುಗಳ ಗತಿ ಇದೇ.

ಆದ್ದರಿಂದ ಹಳೆಯ ಆರ್ಕಿಟೆಕ್ಟ್ ಒಬ್ಬರ ಪ್ರದರ್ಶನ ನಾಲ್ಕೈದು ತಿಂಗಳು ನಡೆಯುತ್ತದೆ ಎಂದಿದ್ದರೆ ಎರಡರಲ್ಲಿ ಒಂದು ಖಚಿತ: ನಡುವೆ ಹಾಳೆಗಳನ್ನು ಬದಲಾಯಿಸುತ್ತಾರೆ, ಇಲ್ಲವೇ ಗೋಡೆ ಮೇಲಿರುವುದು ನಕಲು. ಮುಖ್ಯವಾದ ಹಾಳೆಯೊಂದನ್ನು ನೋಡಲೆಂದೇ ಹೋಗುವವರು ಅದು ಯಾವ ಅವಧಿಯಲ್ಲಿರುತ್ತದೆ ಎಂದು ಮುಂಚೆಯೇ ಮೇಲ್ ಬರೆದು ಕೇಳುವುದು ಒಳ್ಳೆಯದು. ಅಲ್ಲಿಗೆ ಹೋದ ಮೇಲೆ ಲೇಬಲ್ ಓದಿ. ಫ್ಯಾಕ್ಸಿಮಿಲಿ ಎಂದಿದ್ದರೆ ನಕಲು. ಈಗಿನ ಆರ್ಕಿಟೆಕ್ಟರ ವಿಷಯ ಬೇರೆ. ಅವರ ಮೂಲ ಪ್ರತಿ ಕಂಪ್ಯೂಟರ್ ಫೈಲು. ಮಾಸಿದರೆ ಇನ್ನೊಂದು ಪ್ರಿಂಟ್. ಆ ಕೋಣೆಗಳು ಬೆಳಗುತ್ತಿರುತ್ತವೆ. ಮಬ್ಬುಗತ್ತಲೆಯ ಕೋಣೆಗೆ ಕಾಲಿಟ್ಟರೆ ಕೈಬರಹದ ಹಾಳೆಗಳಿವೆ ಎಂದು ಅರ್ಥ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ.

ನಕ್ಷೆಯ ಕಾಗದಗಳಲ್ಲೂ ಜಾತಿಗಳಿವೆ, ಒಂದೊಂದರದು ಒಂದೊಂದು ರೋಗ. ಟ್ರೇಸಿಂಗ್ ಹಾಳೆ ತೇವಕ್ಕೆ ಉಬ್ಬಿ ಅಲೆಅಲೆಯಾಗುತ್ತದೆ, ಹಳತಾದಂತೆ ಮಡಿಕೆಯಲ್ಲಿ ಪಟಕ್ಕನೆ ಮುರಿಯುತ್ತದೆ. ನಿಜವಾದ ನೀಲಿ ಬ್ಲೂಪ್ರಿಂಟಿಗೆ ಕ್ಷಾರ ಆಗದು. ಮಿಕ್ಕ ಕಾಗದಗಳಿಗೆ ಒಳ್ಳೆಯದೆಂದು ಬಳಸುವ ಕ್ಷಾರ ಬೆರೆಸಿದ ಆಮ್ಲರಹಿತ ರಟ್ಟಿನಲ್ಲಿ ಸುತ್ತಿಟ್ಟರೆ ಅದರ ನೀಲಿಯೇ ಹೋಗುತ್ತದೆ. ಅದಕ್ಕೆ ಕ್ಷಾರವಿಲ್ಲದ ತಟಸ್ಥ ರಟ್ಟು ಬೇಕು. ಪಿಡಬ್ಲ್ಯುಡಿ ಕಚೇರಿಗಳಲ್ಲಿ ಓಡಾಡುತ್ತಿದ್ದ ಅಮೋನಿಯಾ ಪ್ರಿಂಟುಗಳು ಬೆಳಕಿಗೆ ಹಿನ್ನೆಲೆ ಹಳದಿಯಾಗಿ ಗೆರೆ ಮಾಸುತ್ತವೆ, ಮೇಲಾಗಿ ಅವುಗಳಿಂದ ಹೊರಡುವ ಆವಿ ಪಕ್ಕದ ಹಾಳೆಗಳನ್ನೂ ಕೆಡಿಸುತ್ತದೆ. ಹಾಗಾಗಿ ಇವೆರಡನ್ನು ಒಂದೇ ಡ್ರಾಯರಿನಲ್ಲಿ ಇಡಬಾರದು. ಹಾಳೆ ಯಾವುದೇ ಇರಲಿ, ಮೌಂಟಿಗೆ, ಅಂದರೆ ಹಿಂಬದಿಯ ರಟ್ಟಿಗೆ, ಅಂಟಿಸುವುದು ಮೇಲಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಸಣ್ಣ ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಿಂದ. ನಾಲ್ಕೂ ಬದಿ ಅಂಟಿಸಿದರೆ ತೇವಕ್ಕೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ, ಒಣಗಿದಾಗ ಅಂಚಿನಲ್ಲಿ ಹರಿಯುತ್ತದೆ.

ನಕ್ಷೆ ಓದಲು ಬಾರದು ಎಂದು ಆ ಗೋಡೆಗಳನ್ನು ದಾಟಿಹೋಗುವವರೇ ಹೆಚ್ಚು. ಬೇಕಾಗಿರುವುದು ಸ್ವಲ್ಪವೇ. ಮೊದಲು ಮೆಟ್ಟಿಲು ಹುಡುಕಿ. ಸೆಕ್ಷನ್‌ನಲ್ಲಿ ಮೆಟ್ಟಿಲುಗಳನ್ನು ಎಣಿಸಿ 15ರಿಂದ 17 ಸೆಂಟಿಮೀಟರಿಂದ ಗುಣಿಸಿದರೆ ಅಂತಸ್ತಿನ ಎತ್ತರ ಸಿಗುತ್ತದೆ: ಇಪ್ಪತ್ತು ಮೆಟ್ಟಿಲೆಂದರೆ ಮೂರು ಮೀಟರಿಗಿಂತ ತುಸು ಹೆಚ್ಚು. ಬಾಗಿಲು ಸಾಧಾರಣವಾಗಿ 2.1 ಮೀಟರ್. ಪ್ಲಾನ್ ಮೇಲೆ ಎ-ಎ, ಬಿ-ಬಿ ಎಂದು ಬಾಣದ ಗುರುತಿರುವ ಗೆರೆ ಇರುತ್ತದೆ. ಸೆಕ್ಷನ್ ಸೀಳಿರುವುದು ಅಲ್ಲಿ, ನೋಡುತ್ತಿರುವುದು ಬಾಣದ ದಿಕ್ಕಿಗೆ. ಅದನ್ನು ಹಿಡಿದುಕೊಂಡು ಪ್ಲಾನಿಗೂ ಸೆಕ್ಷನ್‌ಗೂ ಎರಡು ಮೂರು ಸಲ ಕಣ್ಣು ಓಡಿಸಿದರೆ ಕಟ್ಟಡ ತಾನಾಗಿ ಎದ್ದು ನಿಲ್ಲುತ್ತದೆ. ‘ಸ್ಕೇಲ್ 1:100’ ಎಂದು ಬರೆದಿರುವುದನ್ನು ಪುಸ್ತಕದಲ್ಲಿ, ಫೋನಿನಲ್ಲಿ ನಂಬಬೇಡಿ, ಹಾಳೆಯನ್ನು ಕುಗ್ಗಿಸಿದಾಗಲೇ ಆ ಸಂಖ್ಯೆ ಸುಳ್ಳಾಗಿರುತ್ತದೆ. ಪಕ್ಕದಲ್ಲಿ ಬರೆದ ಅಳತೆಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಕುಗ್ಗುವುದರಿಂದ ನಿಜ ಹೇಳುತ್ತಲೇ ಇರುತ್ತದೆ.

ಮಾಡೆಲ್‌ನದು ಇನ್ನೊಂದು ತಕರಾರು. 1:50ರಲ್ಲಿ ಮನುಷ್ಯ 34 ಮಿಲಿಮೀಟರ್, 1:200ರಲ್ಲಿ ಎಂಟೂವರೆ, 1:500ರಲ್ಲಿ ಮೂರೂವರೆಗೂ ಕಡಿಮೆ. ನಮ್ಮ ಒಂಬತ್ತಿಂಚಿನ ಗೋಡೆ 1:100ರಲ್ಲಿ 2.3 ಮಿಲಿಮೀಟರ್, 1:500ರಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಅಷ್ಟು ತೆಳುವಾದ ಮರವನ್ನು ಕತ್ತರಿಸಿ ನಿಲ್ಲಿಸಲು ಆಗುವುದಿಲ್ಲವಾದ್ದರಿಂದ ಸಣ್ಣ ಮಾಡೆಲ್‌ಗಳಲ್ಲಿ ಗೋಡೆ ಯಾವಾಗಲೂ ನಿಜಕ್ಕಿಂತ ದಪ್ಪ, ಕಟ್ಟಡ ನಿಜಕ್ಕಿಂತ ಗಟ್ಟಿ ಕಾಣುತ್ತದೆ. 1:500 ನೋಡುವುದು ಜಾಗಕ್ಕೆ ಕಟ್ಟಡ ಹೇಗೆ ಕೂತಿದೆ ಎಂಬುದಕ್ಕೆ. ಒಳಗಿನ ಬೆಳಕು, ಕೋಣೆಯ ಅನುಭವಕ್ಕೆ 1:50 ಬೇಕು. ಇನ್ನೂ ಒಂದು: ಮೇಜು ತಗ್ಗಾಗಿದ್ದರೆ ಎಲ್ಲ ಕಟ್ಟಡವೂ ಹದ್ದಿನ ಕಣ್ಣಿನ ನೋಟವಾಗಿ ಸೂರೇ ಕಾಣುತ್ತಿರುತ್ತದೆ. ಮಂಡಿಯೂರಿ ಕಣ್ಣನ್ನು ಮಾಡೆಲ್ ರಸ್ತೆಯ ಮಟ್ಟಕ್ಕೆ ತನ್ನಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ, ಆರ್ಕಿಟೆಕ್ಟರು ಮಾಡುವುದೂ ಅದನ್ನೇ.

ನಮ್ಮ ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ಜ್ಯೂರಿ (ಪರೀಕ್ಷಕರ ಮುಂದೆ ಕೆಲಸ ಒಪ್ಪಿಸುವುದು) ಮುಗಿದ ಮೇಲೆ ಥೀಸಿಸ್ ಶೀಟು, ಮಾಡೆಲ್‌ಗಳನ್ನು ಪ್ರದರ್ಶನಕ್ಕೆ ಇಡುವವರಿಗೆ ಇದರಿಂದ ಕೆಲವು ಕೆಲಸದ ಮಾತು. ಸನ್‌ಬೋರ್ಡ್ ಅಥವಾ ಫೋಮ್‌ಬೋರ್ಡಿನ ಒಂದೇ ಬದಿಗೆ ಪ್ರಿಂಟ್ ಅಂಟಿಸಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬಿಲ್ಲಿನ ಹಾಗೆ ಬಾಗುತ್ತದೆ, ಏಕೆಂದರೆ ತೇವ ಹೀರಿ ಹಿಗ್ಗುವುದು ಕಾಗದದ ಬದಿ ಮಾತ್ರ. ಹಿಂಬದಿಗೂ ಅದೇ ತೂಕದ ಖಾಲಿ ಹಾಳೆ ಅಂಟಿಸಿ, ಎಳೆತ ಸರಿಹೋಗುತ್ತದೆ. ಡಬಲ್ ಟೇಪು ಸುಣ್ಣ ಬಳಿದ ಗೋಡೆಗೆ ನಿಲ್ಲದು. ಟೇಪು ಗಟ್ಟಿಯಾಗೇ ಇರುತ್ತದೆ, ಉದುರುವುದು ಸುಣ್ಣದ ಪದರ. ಮೇಲಿನಿಂದ ತಂತಿ ಇಳಿಬಿಟ್ಟು ಕ್ಲಿಪ್ ಹಾಕುವುದು ಮೇಲು. ಹಾಳೆಗಳ ನಡುಮಟ್ಟ ನೆಲದಿಂದ 145ರಿಂದ 150 ಸೆಂಟಿಮೀಟರ್ ಇರಲಿ. ಎ1 ಹಾಳೆಗಳನ್ನು ಎರಡು ಸಾಲು ಏರಿಸಿದರೆ ಮೇಲಿನದನ್ನು ಯಾರೂ ಓದುವುದಿಲ್ಲ. ಬಿಸಿ ಅಂಟಿನ ಗನ್ ಬಳಸಿದ ಮಾಡೆಲ್ ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಕೀಲು ಬಿಡುತ್ತದೆ. ಅಕ್ರಿಲಿಕ್ ಒಣಬಟ್ಟೆಯಲ್ಲಿ ಉಜ್ಜಿದಷ್ಟೂ ಧೂಳು ಎಳೆದುಕೊಳ್ಳುತ್ತದೆ, ಬಟ್ಟೆ ತುಸು ಒದ್ದೆ ಇರಲಿ. ಹಳದಿ ಪಾಲಿಯುರಿಥೇನ್ ಫೋಮ್ ಇಪ್ಪತ್ತು ಮೂವತ್ತು ವರ್ಷಕ್ಕೆ ತಾನಾಗೇ ಪುಡಿಯಾಗುತ್ತದೆ, ಆದ್ದರಿಂದ ಉಳಿಸಿಕೊಳ್ಳಬೇಕು ಅನ್ನುವ ಮಾಡೆಲ್‌ಗೆ ಅದು ಬೇಡ. ಮಾಡೆಲ್ ಮೇಲೆ ನಾಲ್ಕು ದಿಕ್ಕಿನಿಂದ ದೀಪ ಬಿಟ್ಟರೆ ನಾಲ್ಕು ನೆರಳು ಬಿದ್ದು ಎಲ್ಲ ಗೋಜಲು. ಒಂದು ಬದಿಯಿಂದ ತಗ್ಗಿಗೆ ಒಂದೇ ದೀಪ, ಮಿಕ್ಕದ್ದು ಮಂದ ಬೆಳಕು. ಸೂರ್ಯ ಒಬ್ಬನೇ ತಾನೆ.

ಬರೀ ನೋಡುವುದಲ್ಲ, ತಮ್ಮ ಕೆಲಸವನ್ನೇ ರಾಯಲ್ ಅಕಾಡೆಮಿಗೆ ಕಳಿಸಬೇಕು ಅನ್ನುವವರಿಗೆ ಅಲ್ಲಿನ ವಾರ್ಷಿಕ ಸಮ್ಮರ್ ಎಕ್ಸಿಬಿಷನ್ ಇದೆ. 1769ರಿಂದ ಒಂದು ವರ್ಷವೂ ತಪ್ಪಿಲ್ಲ. 2020, 2021ರಲ್ಲಿ ಕೋವಿಡ್ ಕಾರಣಕ್ಕೆ ಬೇಸಿಗೆ ಬಿಟ್ಟು ಶರತ್ಕಾಲಕ್ಕೆ ಹೋಯಿತು, ಅಷ್ಟೇ. ಯಾರು ಬೇಕಾದರೂ ಶುಲ್ಕ ಕಟ್ಟಿ ಎರಡು ಕೃತಿಗಳವರೆಗೆ ಕಳಿಸಬಹುದು. ಇತ್ತೀಚಿನ ವರ್ಷಗಳಲ್ಲಿ ಅರ್ಜಿಗಳ ಸಂಖ್ಯೆಗೆ ಮಿತಿ ಇಟ್ಟಿದ್ದಾರೆ, ಅದು ಹದಿನಾರು ಹದಿನೆಂಟು ಸಾವಿರದ ಆಸುಪಾಸು. ಮಿತಿ ತುಂಬಿದ ದಿನ ಕೊನೆಯ ತಾರೀಖು ಇನ್ನೂ ಬಾಕಿಯಿದ್ದರೂ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಜನವರಿಯಲ್ಲೇ ಹಾಕಬೇಕು. ಮೊದಲ ಸುತ್ತಿನ ಆಯ್ಕೆ ಫೋಟೊ ನೋಡಿ. ಅದರಲ್ಲಿ ಉಳಿದ ಸುಮಾರು ನಾಲ್ಕು ಸಾವಿರ ಕೃತಿಗಳನ್ನು ಮಾತ್ರ ಲಂಡನ್ನಿಗೆ ತರಿಸಿ ಕಣ್ಣೆದುರು ನೋಡುತ್ತಾರೆ. ಕೊನೆಗೆ ಗೋಡೆ ಏರುವುದು ಸದಸ್ಯರದ್ದೂ ಸೇರಿ ಸಾವಿರದ ಇನ್ನೂರು ಮೇಲ್ಪಟ್ಟು. ಸದಸ್ಯರ ಕೃತಿಗಳಿಗೆ ಆಯ್ಕೆಯ ಗೊಡವೆ ಇಲ್ಲ. ಆರ್ಕಿಟೆಕ್ಚರ್ ಕೃತಿಗಳನ್ನು ಆರಿಸಿ ಜೋಡಿಸುವುದು ಆರ್ಕಿಟೆಕ್ಟ್ ಸದಸ್ಯರು. ಮೊದಲ ಸುತ್ತಿನಲ್ಲಿ ಮಾಡೆಲ್‌ಗಳು ಬೀಳುವುದು ಫೋಟೊ ದೆಸೆಯಿಂದ: ಮೇಲಿನಿಂದ ತೆಗೆದ, ಹಿನ್ನೆಲೆಯಲ್ಲಿ ಸ್ಟುಡಿಯೊ ಸಾಮಾನು ಕಾಣುವ ಚಿತ್ರಗಳು. ಒಂದೇ ಬಣ್ಣದ ಹಿನ್ನೆಲೆ, ಓರೆ ಬೆಳಕು, ಕಣ್ಮಟ್ಟದ ಕೋನ ಇದ್ದರೆ ಅರ್ಧ ಗೆದ್ದ ಹಾಗೆ.

ಕರ್ನಾಟಕದಿಂದ ಕಳಿಸುವವರ ತಲೆನೋವು ಕಸ್ಟಮ್ಸ್. ಪ್ರದರ್ಶನಕ್ಕಷ್ಟೇ ಹೋಗಿ ವಾಪಸು ಬರುವ ವಸ್ತುಗಳಿಗೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ, ಭಾರತದಲ್ಲಿ ಕೊಡುವುದು ವಾಣಿಜ್ಯ ಮಂಡಳಿಗಳ ಒಕ್ಕೂಟವಾದ ಫಿಕ್ಕಿ. ಆದರೆ ಸಮ್ಮರ್ ಎಕ್ಸಿಬಿಷನ್‌ನಲ್ಲಿ ಕೃತಿಗಳು ಮಾರಾಟಕ್ಕಿರುತ್ತವೆ, ಮಾರುವ ಉದ್ದೇಶವಿದ್ದರೆ ಕಾರ್ನೆ ಸರಿಹೋಗದು. ಬ್ರಿಟನ್ನಿನಲ್ಲಿ ಕಲಾಕೃತಿಗಳ ಆಮದಿಗೆ ವ್ಯಾಟ್ 5 ಪ್ರತಿಶತ ಮಾತ್ರ. ಇಲ್ಲೊಂದು ತಮಾಷೆಯಿದೆ. ಅಂತರರಾಷ್ಟ್ರೀಯ ಸುಂಕಪಟ್ಟಿಯಲ್ಲಿ ಕೈಯಿಂದ ಬರೆದ ಚಿತ್ರಗಳಿಗೆ 9701 ಎಂಬ ಶೀರ್ಷಿಕೆ, ಆದರೆ ವಾಸ್ತುಶಿಲ್ಪದ ನಕ್ಷೆಗಳನ್ನು ಅದರಿಂದ ಹೆಸರಿಟ್ಟೇ ಹೊರಗಿಟ್ಟು 4906ಕ್ಕೆ ತಳ್ಳಿದ್ದಾರೆ. ಇನ್ನೂರೈವತ್ತು ವರ್ಷಗಳಿಂದ ಅಕಾಡೆಮಿ ಕಲೆ ಎಂದು ಗೋಡೆಗೇರಿಸುತ್ತಿರುವುದನ್ನು ಕಸ್ಟಮ್ಸ್ ಕಲೆ ಎಂದು ಒಪ್ಪುವುದಿಲ್ಲ. ಯಾವ ಶೀರ್ಷಿಕೆ ಅಡಿ ಕಳಿಸುತ್ತಿದ್ದೀರಿ ಎಂದು ಕೊರಿಯರಿನವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಪೆಟ್ಟಿಗೆ ಬಂದರಿನಲ್ಲಿ ಸಿಕ್ಕಿಬಿದ್ದರೆ ಒಪ್ಪಿಸುವ ದಿನ ತಪ್ಪಿಹೋಗುತ್ತದೆ. ಆಯ್ಕೆಯಾಗದಿದ್ದರೆ ವಾಪಸು ತರಿಸಿಕೊಳ್ಳುವ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ಲಂಡನ್ನಿನಲ್ಲಿ ಪರಿಚಯದ ಕನ್ನಡಿಗರು ಇದ್ದರೆ ತಂದು ಒಪ್ಪಿಸಲು, ಬೇಡವೆಂದಾಗ ಎತ್ತಿಕೊಂಡು ಹೋಗಲು ಅನುಕೂಲ.

ನೋಡಲು ಹೋಗುವವರಿಗೆ: ಅಕಾಡೆಮಿಗೆ ಸೋಮವಾರ ರಜೆ, ಮಿಕ್ಕ ದಿನ ಬೆಳಗ್ಗೆ 10ರಿಂದ ಸಂಜೆ 6, ಶುಕ್ರವಾರ ರಾತ್ರಿ 9ರವರೆಗೆ. ಗ್ರೀನ್ ಪಾರ್ಕ್, ಪಿಕಡಿಲಿ ಸರ್ಕಸ್ ಎರಡೂ ಟ್ಯೂಬ್ ನಿಲ್ದಾಣಗಳಿಂದ ನಡೆದು ಹೋಗುವಷ್ಟು ದೂರ. ದೊಡ್ಡ ಪ್ರದರ್ಶನಗಳಿಗೆ ಟಿಕೆಟ್ ಉಂಟು, ಮೈಕೆಲೆಂಜೆಲೊನ ತಾದೇಯಿ ತೊಂಡೊ ಎಂಬ ಅಮೃತಶಿಲೆಯ ದುಂಡನೆ ಉಬ್ಬುಶಿಲ್ಪ ಇರುವ ಸಂಗ್ರಹದ ಕೋಣೆ ಉಚಿತ. ಆರ್ಕಿಟೆಕ್ಚರ್ ಪ್ರದರ್ಶನಕ್ಕೆ ಶುಕ್ರವಾರ ಸಂಜೆ ಒಳ್ಳೆಯದು. ಕಪಾಟು, ಮೇಜುಗಳ ಮುಂದೆ ಒಬ್ಬರು ನಿಂತರೆ ಹಿಂದಿನವರಿಗೆ ಏನೂ ಕಾಣದು, ಗೋಡೆಯ ಚಿತ್ರದ ಹಾಗಲ್ಲ. ಸೋನ್ ಮ್ಯೂಸಿಯಂ ಬುಧವಾರದಿಂದ ಭಾನುವಾರದವರೆಗೆ ಮಾತ್ರ, ಪ್ರವೇಶ ಉಚಿತ, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಎರಡನ್ನೂ ಒಂದೇ ದಿನ ಮುಗಿಸುವುದಾದರೆ ಶುಕ್ರವಾರ ಮಧ್ಯಾಹ್ನ ಸೋನ್ ಮನೆ, ಸಂಜೆ ಅಕಾಡೆಮಿ. ಗ್ಯಾಂಡಿಯ ಜಲವರ್ಣಗಳೂ ಕಾಗದವೇ ಆದ್ದರಿಂದ, ಆ ದಿನ ಗೋಡೆ ಮೇಲೆ ಯಾವುದಿದೆ ಎಂದು ಒಂದು ವಾರ ಮುಂಚೆ ಕೇಳಿಕೊಂಡೇ ಹೊರಡಿ.